ಬರಿತಲೆಗೆ ಜೈಲು

ಕೈಗೆ ಕೋಲು ಸಿಕ್ಕಿದವರೆಲ್ಲ ಅಳತೆ ತಿಳಿದು ಹೊಡೆಯುತ್ತಾರೆಂದು ನಂಬಿದವರು ದಡ್ಡರು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ. ಎತ್ತರದ ಕುರ್ಚಿಯಲ್ಲಿ ಕೂತವರಿಗೆ ಅದಕ್ಕಿಂತ ಹೆಚ್ಚು ಬರುತ್ತದೆ ಎಂದುಕೊಂಡಿದ್ದೆ, ಅಳಿಯ ಮಲ್ಲೇಶಿಗೆ ಜೈಲಾಗುವ ತನಕ.

ಅವನೇನು ಕೊಲೆ ಮಾಡಿರಲಿಲ್ಲ. ಅಜ್ಜಂಪುರದಿಂದ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತರೀಕೆರೆಗೆ ಬರುವಾಗ ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ. ಬೀಜಕ್ಕೆ ಬಿಟ್ಟ ಸೋರೆಕಾಯಿಯಂತೆ ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. ಪೊಲೀಸರು ಹಿಡಿದು ಅವನ ಮೇಲೆ ಕೇಸು ಬರೆದರು. ಹಿಂದೆ ಕೂತಿದ್ದ ನನ್ನ ತಲೆಯನ್ನು ಯಾರೂ ತಲೆಯೆಂದೇ ಎಣಿಸಲಿಲ್ಲ. ಕೋರ್ಟು ಯಾವ ಊರಿನದೆಂದು ಹೇಳುವುದಿಲ್ಲ. ಈ ವಯಸ್ಸಿನಲ್ಲಿ ನನಗೊಂದು ಕೇಸು ಬೇಡ.

"ಯಾಕಯ್ಯಾ ಹಾಕಿರಲಿಲ್ಲ?" ಎಂದರು ಜಡ್ಜ್ ಸಾಹೇಬರು. ಇವನು ಕೈ ಮುಗಿದು, "ತಪ್ಪಾಯ್ತು ಸ್ವಾಮಿ. ಅದನ್ನ ಹಾಕ್ಕಂಡ್ರೆ ಹಿಂದೆ ಕೂತಿರೋ ಅತ್ತೆ ಮಾತು ಕೇಳ್ಸಲ್ಲ. ಕೇಳ್ಸದಿದ್ರೆ ಬೆನ್ನಿಗೆ ಗುದ್ದುತಾರೆ" ಎಂದ. ಕೋರ್ಟೇ ನಕ್ಕಿತು. ಬಾಗಿಲ ಹತ್ತಿರ ನಿಂತಿದ್ದ ನನ್ನ ಕೈಯನ್ನು ಒಬ್ಬ ತಿರುಗಿ ತಿರುಗಿ ನೋಡಿದ. ನಗದವರು ಸಾಹೇಬರೊಬ್ಬರೇ. "ತಮಾಷೆ ಮಾಡ್ತೀಯಾ?" ಎಂದವರೇ ಒಂದು ವಾರ ಜೈಲು ಎಂದುಬಿಟ್ಟರು.

ಮಲ್ಲೇಶಿ ಕಡೂರಿನಲ್ಲಿ ಸ್ಕೂಲ್ ವ್ಯಾನು ಓಡಿಸುವವನು. ಜೈಲು ಶಿಕ್ಷೆಯಾದವನ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದು ಸ್ಕೂಲಿನವರು ವ್ಯಾನಿನ ಕೀ ಕಿತ್ತುಕೊಂಡರು. ಮಗಳು ಗೌರಿ ಅಳುತ್ತ ಕೂತಳು. ಅತ್ತರೆ ಕೀ ವಾಪಸ್ಸು ಬರುತ್ತದೆಯೇ? ನಾನು ವಕೀಲನನ್ನು ಹಿಡಿದೆ.

"ಅಜ್ಜಿ, ಈ ತಪ್ಪಿಗೆ ಜೈಲು ಕೊಡೋ ಹಾಗೇ ಇಲ್ಲ. ಬರೀ ದಂಡ."

"ಹಂಗಂತ ಬರ್ದಿರೋ ಪುಸ್ತಕ ಸಾಹೇಬ್ರ ಹತ್ರ ಇಲ್ವೇನಪ್ಪಾ?"

"ಇದೆ ಅಜ್ಜಿ."

"ಮತ್ತೆ?"

ವಕೀಲನಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಮೇಲಿನ ಕೋರ್ಟಿಗೆ ಅರ್ಜಿ ಹಾಕಿದ. ತೀರ್ಮಾನವಾಗುವ ತನಕ ಜೈಲು ನಿಂತಿತು. ನೋಡಿ ನ್ಯಾಯ! ಸಾರಿಗೆ ಉಪ್ಪು ಸುರಿದವರು ಹಾಯಾಗಿ ಕೂತಿರಬೇಕು. ಉಂಡವನು ಬಾಯಿ ತೊಳೆಯಲು ಚಿಕ್ಕಮಗಳೂರಿಗೆ ಬಸ್ಸು ಹತ್ತಬೇಕು. ಎಷ್ಟು ಸಲ ಹತ್ತಿದೆವೋ, ಕಂಡಕ್ಟರು ನೆಂಟನ ಹಾಗೆ ಮಾತಾಡಿಸತೊಡಗಿದ.

ಕೊನೆಗೆ ಮೇಲಿನವರು, ಈ ತಪ್ಪಿಗೆ ಕಾನೂನಿನಲ್ಲಿ ಜೈಲೇ ಇಲ್ಲ, ದಂಡ ಕಟ್ಟಿ ಮನೆಗೆ ಹೋಗಲಿ ಎಂದರು. ನಮಗೆ ಗೊತ್ತಿದ್ದದ್ದನ್ನು ಹೇಳಲು ಇಷ್ಟು ದಿನ. "ಕೆಳಗಿನ ಸಾಹೇಬ್ರಿಗೆ ಏನು ಮಾಡಿದ್ರು?" ಎಂದು ಕೇಳಿದೆ. "ಏನಿಲ್ಲ ಅಜ್ಜಿ, ತೀರ್ಪು ತಿದ್ದಿದ್ದಾರೆ ಅಷ್ಟೇ" ಎಂದ ವಕೀಲ. ಮಗ್ಗಿ ತಪ್ಪಿದರೆ ನಮ್ಮ ಮೇಷ್ಟರು ಕಿವಿಯನ್ನಾದರೂ ಹಿಂಡುತ್ತಿದ್ದರು.

ಸ್ಕೂಲಿನವರು ಕೀ ಕೊಟ್ಟರು. ಮಲ್ಲೇಶಿ ಹಲ್ಲು ಕಿರಿಯುತ್ತ ಮನೆಗೆ ಬಂದ. ಕೋರ್ಟಿನಲ್ಲಿ ನನ್ನ ಮಾನ ಕಳೆದದ್ದಕ್ಕೆ ಹೊಸಿಲಲ್ಲೇ ನಿಲ್ಲಿಸಿ ಬೈಯತೊಡಗಿದೆ. ಗೌರಿ ನಡುವೆ ಬಂದಳು.

"ಸಾಕು ಮಾಡವ್ವಾ. ದೊಡ್ಡ ಕೋರ್ಟೇ ಬಿಟ್ಟಿದೆ."

"ಈ ಮನೆಗೆ ದೊಡ್ಡ ಕೋರ್ಟು ನಾನೇ ಕಣೇ!"

"ಅದಕ್ಕೇ ನಿನ್ನ ತಿದ್ದೋರು ಯಾರೂ ಇಲ್ಲ."

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ಅವಳಿಗೂ ಸೇರಿಸಿ ಬೈದೆ.