ಒಂದು ಕಿವಿ ಮಾಲೀಕರಿಗೆ

ಕಣ್ಣಿಗೆ ಕನ್ನಡಕ ಬಂದರೆ ಓದಿದವನ ಕಳೆ ಬರುತ್ತದೆ. ಕಿವಿ ಮಂದವಾದರೆ ಮಾತ್ರ ಬುದ್ಧಿಯೇ ಮಂದವಾಯಿತೆಂದು ಜನ ತಿಳಿಯುತ್ತಾರೆ. ಅದಕ್ಕೇ ನಾನು ಬಹಳ ದಿನ ಒಪ್ಪಿಕೊಳ್ಳಲಿಲ್ಲ. ವೈ.ಎನ್.ಹೊಸಕೋಟೆಯ ಕಡಲೆಕಾಯಿ ಸುಲಿಯುವ ಮಿಲ್ಲೊಂದರಲ್ಲಿ ಮೇಸ್ತ್ರಿ ನಾನು. ಜರಡಿ ಕಟ್ಟಿಕೊಂಡಿದೆಯೋ, ಕಾಯಿ ಹಸಿಯೋ, ಬೀಜ ಒಡೆಯುತ್ತಿದೆಯೋ, ಎಲ್ಲವನ್ನೂ ಸದ್ದಿನಲ್ಲೇ ಹೇಳಬಲ್ಲೆನೆಂಬ ಜಂಬ ನನ್ನದು. ಈ ಕಿವಿಯೇ ನನ್ನ ಅನ್ನ.

ಒಂದು ಭಾನುವಾರ ಹೆಂಡತಿ ಗಂಗಮ್ಮ ನನ್ನನ್ನು ಕುಕ್ಕರಿಗೆ ಕಾವಲಿಟ್ಟು ನೀರಿಗೆ ಹೋದಳು. ಅದು ಕೂಗಿ ಕೂಗಿ ಸಾಕಾಗಿ ಬೇಳೆ ಸೀದುಹೋಯಿತು. ಅವಳು ಕಡಲೆಕಾಯಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಕಿವಿಗೆ ಬಿಟ್ಟಳು. ಕಿವಿಯಿಂದ ಒಗ್ಗರಣೆ ವಾಸನೆ ಬಂತೇ ಹೊರತು ಸದ್ದು ಒಳಗೆ ಹೋಗಲಿಲ್ಲ. ಕೊನೆಗೆ ಮಧುಗಿರಿಯ ಕಿವಿ ಡಾಕ್ಟರ ಹತ್ತಿರ ಹೋದೆವು. "ಎಣ್ಣೆ ಬಿಡಬೇಡಿ. ಗದ್ದಲಕ್ಕೆ ಹೋದ ಕಿವಿ ವಾಪಸ್ ಬರಲ್ಲ, ಉಳಿದಿರೋದನ್ನ ಉಳಿಸ್ಕೊಳ್ಳಿ. ಹತ್ತಿ ತುರುಕಿದ್ರೆ ಸಾಲದು, ಎರಡು ಕಿವಿಗೂ ಮುಚ್ಚಳ ಹಾಕ್ಕೊಳ್ಳಿ" ಎಂದರು. ತಲೆಯ ಮೇಲೆ ಕಮಾನು, ಎರಡೂ ಕಡೆ ದಪ್ಪ ಬಟ್ಟಲು ಇರುವ ಇಯರ್‌ಮಫ್ ಕೊಂಡೆ.

ಕೊಂಡದ್ದೇನೋ ಸರಿ, ಎರಡೂ ಮುಚ್ಚಿಕೊಂಡರೆ ಯಂತ್ರದ ಮಾತು ಕೇಳುವವರಾರು? ಒಂದು ಬಟ್ಟಲನ್ನು ಹಿಂದಕ್ಕೆ ಸರಿಸಿದೆ. ಒಂದು ಕಿವಿ ಡಾಕ್ಟರಿಗೆ, ಇನ್ನೊಂದು ಮಾಲೀಕರಿಗೆ. ಹೀಗೆ ನ್ಯಾಯವಾಗಿ ಪಾಲು ಮಾಡಿ ನಿಂತಿದ್ದಾಗಲೇ ಯಂತ್ರಕ್ಕೆ ಕಲ್ಲು ಸಿಕ್ಕಿ ಕಟಕಟ ಎಂದಿದೆ. ನನಗೆ ತಿಳಿಯುವಷ್ಟರಲ್ಲಿ ಜರಡಿ ಹರಿದಿತ್ತು. ಮಾಲೀಕರು ಓಡಿಬಂದರು. "ಏನ್ ಮೇಸ್ತ್ರಿ, ಆಪೀಸ್ನಾಗೆ ಕುಂತಿದ್ದ ನಂಗೇ ಕೇಳಿಸ್ತು, ಪಕ್ಕದಾಗೇ ನಿಂತ್ಕಂಡು ನಿಂಗೆ ಕೇಳಿಸ್ಲಿಲ್ವಾ?" ನನಗೆ ನಿಜವಾಗಿ ಹೆದರಿಕೆಯಾಯಿತು. ಕೆಲಸಕ್ಕೆಂದು ಬಿಟ್ಟುಕೊಂಡಿದ್ದ ಕಿವಿಯೇ ಕೈಕೊಟ್ಟಿತ್ತು.

ಮಾರನೆಯ ದಿನದಿಂದ ಎರಡನ್ನೂ ಮುಚ್ಚಿ, ಯಂತ್ರದ ಚೌಕಟ್ಟಿನ ಮೇಲೆ ಅಂಗೈ ಇಟ್ಟೆ. ಅದರ ಅದುರುವಿಕೆಯಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಗದ್ದಲ ತಗ್ಗಿದ್ದರಿಂದ ಜರಡಿಯ ಕರಕರವೂ ಬಿಡಿಯಾಗಿ ಕೇಳತೊಡಗಿತು. ನಡುನಡುವೆ ಹೊರಗೆ ಬೇವಿನ ಮರದಡಿ ಕೂತು ಕಿವಿಗೆ ಬಿಡುವು ಕೊಡುತ್ತೇನೆ. ಸಂಜೆ ಕಿವಿಯೊಳಗಿನ ಗುಂಯ್ ಎನ್ನುವುದೂ ಕಡಿಮೆಯಾಗಿದೆ. ಇಷ್ಟಾದ ಮೇಲೆ ಸುಮ್ಮನಿರುವುದುಂಟೇ? ಕಿವಿ ಕಾಪಾಡಿಕೊಳ್ಳುವ ಬಗ್ಗೆ ಮಿಲ್ಲಿನಲ್ಲೂ, ಅದೇ ಮಿಲ್ಲಿನ ಗಟ್ಟಿ ದನಿಯಲ್ಲಿ ಮನೆಯಲ್ಲೂ ಭಾಷಣ ಶುರುಮಾಡಿದೆ.

ಮೊನ್ನೆ ಬೆಳಿಗ್ಗೆ ಮಫ್ ಕಾಣಲಿಲ್ಲ. ಮನೆಯೆಲ್ಲ ಹುಡುಕಿ ಅಡುಗೆಮನೆಗೆ ಬಂದರೆ, ಗಂಗಮ್ಮ ಅದನ್ನು ತಲೆಗೇರಿಸಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದಾಳೆ.

"ನಿಂಗ್ಯಾಕೆ ಇದು? ಇಲ್ಲೇನು ಮಿಲ್ ಓಡ್ತೈತಾ?" ಎಂದೆ.

"ನೀವು ಹೊಂಟು ನಿಂತ್ಕಳ್ರೀ, ತೆಗೆದು ಕೊಡ್ತೀನಿ" ಎಂದಳು, ತಲೆ ಎತ್ತದೆ.

ಅಷ್ಟು ದಪ್ಪ ಬಟ್ಟಲು ಮುಚ್ಚಿದ್ದರೂ ನನ್ನ ಪ್ರಶ್ನೆ ಒಂದಕ್ಷರ ಬಿಡದೆ ಅವಳಿಗೆ ಕೇಳಿಸಿತ್ತು.