ಬಲಗಡೆಯ ಹುಳಗಳಿಗೆ ಔತಣ

ನಿವೃತ್ತನಾದ ಮೇಲೆ ಮನುಷ್ಯ ಸುಮ್ಮನಿರಬೇಕು. ನಾನು ಇರಲಿಲ್ಲ. ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಆರಾಮ ಕುರ್ಚಿಯ ಮೇಲೆ ಕೂತು, ಮೊಬೈಲಿನಲ್ಲಿ ಕೃಷಿಯ ವಿಡಿಯೊ ನೋಡಿದೆ. ಅದರಲ್ಲಿ ‘ಪ್ರಿಬಯೋಟಿಕ್’ ಎಂಬ ದ್ರವವನ್ನು ಕೊಂಡಾಡುತ್ತಿದ್ದರು. ಅದು ಗೊಬ್ಬರವಲ್ಲ, ಮಣ್ಣಿನೊಳಗಿನ ಒಳ್ಳೆಯ ಜೀವಾಣುಗಳಿಗೆ ಆಹಾರ. ಅವು ಉಂಡು ಬಲಿತರೆ ಬೆಳೆಯೂ ಬಲಿಯುತ್ತದಂತೆ.

“ಅಂದ್ರ ಹುಳಕ್ಕ ಊಟ ಹಾಕೋದೇನ್ರಿ?” ಎಂದಳು ಹೆಂಡತಿ ಸುಮಿತ್ರಾ.

“ಹುಳ ಅಲ್ಲ, ಜೀವಾಣು!”

“ಏನರ ಇರ್ಲಿ. ಹೊಲ ನನ್ನ ತವರಿಂದು, ನೆಪ್ಪಿರ್ಲಿ. ಈ ಸಲ ಜ್ವಾಳ ಕೆಟ್ರ, ತಮ್ಮಗ ಹೊಳ್ಳಿ ಕೊಡಾಕಿ ನಾ.”

ಅವಳ ತಮ್ಮ ಬಸವರಾಜ ಅದುವರೆಗೆ ಆ ಎರೆಹೊಲವನ್ನು ಉಳುತ್ತಿದ್ದ. ನಾನೇ ಹಟ ಹಿಡಿದು ಬಿಡಿಸಿಕೊಂಡಿದ್ದೆ.

ಪ್ರಯೋಗ ಶಾಸ್ತ್ರೋಕ್ತವಾಗಿರಲೆಂದು ಹೊಲವನ್ನು ಎರಡು ಭಾಗ ಮಾಡಿದೆ. ಬಲಗಡೆಗೆ ದ್ರವ, ಎಡಗಡೆಗೆ ಏನೂ ಇಲ್ಲ. ಕೊಡ ನೀರಿಗೆ ಒಂದೇ ಮುಚ್ಚಳ ಎಂದು ಡಬ್ಬಿಯ ಮೇಲೆ ಬರೆದಿತ್ತು. ಮುಚ್ಚಳದ ಅಳತೆಯಲ್ಲಿ ಅತಿಥಿ ಸತ್ಕಾರ ಮಾಡುವ ವಂಶ ನಮ್ಮದಲ್ಲ! ಬಿತ್ತನೆಯ ದಿನ ಇಡೀ ಡಬ್ಬಿ ಸುರಿದೆ. ರುಚಿಗಿರಲೆಂದು ನನ್ನ ಕಡೆಯಿಂದ ಒಂದು ಪೆಂಟೆ ಬೆಲ್ಲವನ್ನೂ ಕರಗಿಸಿದೆ.

ಜೀವಾಣುಗಳು ಉಂಡವೋ ಇಲ್ಲವೋ ಕಾಣಲಿಲ್ಲ. ಇರುವೆಗಳು ಕಂಡವು. ಊಟ ಮುಗಿಸಿ ಬಿತ್ತಿದ ಬೀಜವನ್ನೂ ಹೊತ್ತುಕೊಂಡು ಹೋದವು. ಮತ್ತೆ ಬಿತ್ತಿಸಿದೆ. ಈ ಸಲ ಬೆಲ್ಲದ ವಾಸನೆಗೆ ಹಂದಿಗಳು ಬಂದು, ಟ್ರ್ಯಾಕ್ಟರಿಗಿಂತ ಆಳವಾಗಿ ಉತ್ತವು! ನಾನು ಬದುವಿನ ಮೇಲೆ ಕುಕ್ಕರಿಸಿದೆ. ಎಷ್ಟು ದಣಿದಿದ್ದೆನೆಂದರೆ, ಹಂದಿಗಳ ಮೇಲೆ ಸಿಟ್ಟು ಮಾಡುವ ತ್ರಾಣವೂ ಇರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಸುಮಿತ್ರಾ ಬುಟ್ಟಿಯೊಂದಿಗೆ ಹೊಲಕ್ಕೆ ಬಂದಳು. ಭೂತಾಯಿಗೆ ಉಣಿಸಲು ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆಯ ಚರಗ ಚೆಲ್ಲಬೇಕಲ್ಲ. ಬಲಗಡೆಯ ಗುಂಡಿಗಳನ್ನು ನೋಡಿ ಮೂಗು ಮುರಿದು, ಎಡಗಡೆ ಮಾತ್ರ ಚೆಲ್ಲತೊಡಗಿದಳು.

“ಆ ಕಡಿ ಏನೂ ಹಾಕಬ್ಯಾಡ, ಪ್ರಯೋಗ ಕೆಡತೈತಿ!” ಎಂದು ಕೂಗಿದೆ.

“ಅದಕ್ಕ ಈ ಕಡಿ ಹೊಲ ಉಪಾಸ ಇರಬೇಕೇನ್ರಿ?” ಎಂದು ಇನ್ನೊಂದು ಹೋಳಿಗೆ ಮುರಿದು ಹಾಕಿದಳು.

ಸುಗ್ಗಿಗೆ ಬಸವರಾಜ ಬಂದ. ಎಡಗಡೆ ತೆನೆಗಳು ತಲೆದೂಗುತ್ತಿದ್ದವು. ಬಲಗಡೆ ಅಲ್ಲೊಂದು ಇಲ್ಲೊಂದು ದಂಟು.

“ಭಾವಾರ, ನಿಮ್ಮ ಔಷಧಿ ಭಾರಿ ಕೆಲಸ ಮಾಡೇತಿ ನೋಡ್ರಿ! ಎಡಗಡೀನ ಹಾಕಿದ್ರಿ, ಹೌದಲ್ರಿ?”

ಹೊಲ ಉಳಿಯುವ ಆಸೆ ಚಿಗುರಿತು. “ಹ್ಞೂಂ” ಎಂದುಬಿಟ್ಟೆ.

“ಎಡಗಡಿ ಹಾಕಿದಾಕಿ ನಾನು,” ಎಂದಳು ಸುಮಿತ್ರಾ. “ಇವರು ಹಾಕಿದ್ದು ಬಲಗಡಿ.”

ಬಸವರಾಜ ಬಲಗಡೆ ನೋಡಿದ. ನಗಲಿಲ್ಲ. ಅವನು ನಕ್ಕಿದ್ದರೇ ಚೆನ್ನಾಗಿತ್ತು.

ಹೊಲ ಮತ್ತೆ ಅವನ ಪಾಲಾಯಿತು. ಆದರೂ ಮಣ್ಣಿಗೆ ಊಟ ಹಾಕುವ ಖಾತೆ ಪೂರ್ತಿ ನನ್ನ ಕೈಬಿಟ್ಟಿಲ್ಲ. ಮುಂದಿನ ಅಮಾವಾಸ್ಯೆಗೆ ಚರಗದ ಬುಟ್ಟಿ ಹೊರುವವನು ನಾನೇ. ಚೆಲ್ಲುವ ಅಧಿಕಾರ ಮಾತ್ರ ಇಲ್ಲ!