ಮಾಮಾನ ಜುಲ್ಮಾನೆ

ನಮ್ಮ ಸೋದರಮಾವನ ಜೊತೆ ಸೂಪರ್ ಮಾರ್ಕೆಟ್ ಎಂಬ ಬಜಾರಿಗೆ ಹೋದವರು ಕಾಯಿಪಲ್ಲೆ ತಂದ ದಾಖಲೆಯೇ ಇಲ್ಲ. ಜಗಳ ತಂದಿದ್ದಾರೆ, ಧಾರಾಳವಾಗಿ! ಕಲಬುರಗಿಯ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದು, ಈಗ ಕಮಲಾಪುರ ಸೇರಿರುವ ಈ ಮಹಾಶಯನಿಗೆ ಬಾಯಿಪಾಠ ಬರುವುದು ಒಂದೇ: ಪ್ರಾಣಿಹಿಂಸೆಯ ಕಾನೂನು.

ಒಮ್ಮೆ ಒಬ್ಬ ಸೈಕಲ್ಲಿಗೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಬಂದ. ಮಾಮಾ ಹ್ಯಾಂಡಲ್ ಹಿಡಿದೇಬಿಟ್ಟ.

“ಏ ತಮ್ಮಾ, ಇದಕ್ಕ ಜುಲ್ಮಾನಾ ಬೀಳ್ತದ, ಗೊತ್ತದೇನು?”

“ಎಷ್ಟ್ ಬೀಳ್ತದ್ರೀ ಕಾಕಾ?”

ಇಲ್ಲೇ ನೋಡಿ ಎಡವಟ್ಟು! ಮಾಮಾನಿಗೆ ಸುಳ್ಳು ಬಾರದು. ದನಿ ತಗ್ಗಿಸಿ, “ಮೊದಲನೇ ಸಲಕ್ಕ... ಹತ್ತರಿಂದ ಐವತ್ತು ರೂಪಾಯಿ” ಎಂದ.

“ಅಷ್ಟೇನ್ರೀ! ಅಷ್ಟಕ್ಕ ಒಂದು ಕೋಳಿ ಕಾಲೂ ಬರೂದಿಲ್ಲ!” ಎಂದು ಅವನು ಗಂಟೆ ಬಾರಿಸುತ್ತಾ ಹೋದ.

“ಐದು ವರ್ಷ ಜೈಲು ಅನ್ನಬಾರದೇನ್ರೀ ಮಾಮಾ?” ಎಂದೆ. “ಅದು ಕೊಂದ್ರ, ಕಾಲು ಮುರದ್ರ. ಕಾನೂನಿನ ಮ್ಯಾಲ ಸುಳ್ಳು ಹೇಳ್ಲೇನು?” ಎಂದು ನನ್ನ ಮೇಲೇ ಹರಿಹಾಯ್ದ. ಉರ್ದುವಿನಲ್ಲಿ ಅದು ಜುಲ್ಮಾನಾ ಅಲ್ಲ, ಜುರ್ಮಾನಾ ಎಂದು ತಿದ್ದಲು ಹೋದರೆ, “ಜುಲ್ಮ ಮಾಡ್ದಾಂವ ಕಟ್ಟೂದು ಜುಲ್ಮಾನಾ! ನೀ ಎಷ್ಟು ಓದೀಯೋ?” ಇವನನ್ನು ವಾದದಲ್ಲಿ ಗೆದ್ದವರುಂಟೇ? ಒಬ್ಬಳಿದ್ದಾಳೆ, ನಮ್ಮ ಅತ್ತಿ. “ನಲವತ್ತು ವರ್ಷ ನನ್ನ ಮ್ಯಾಲ ಚೀರಾಡೀರಿ, ಅದಕ್ಕೆಷ್ಟು?” ಎಂದಳು. “ನೀ ಪ್ರಾಣಿಗಳ ಪಟ್ಟಿಯೊಳಗ ಬರೂದಿಲ್ಲ” ಎಂದ. ಅವತ್ತು ಮಾಮಾನಿಗೆ ಚಹಾ ಸಿಗಲಿಲ್ಲ.

ಇಂಥವನು ಹೋದ ತಿಂಗಳು ತಾನೇ ಸಾಕಿದ ನಾಯಿ ಕರ್ಯಾನಿಗೆ ಬಡಿಗೆಯಿಂದ ಹೊಡೆದ! ಅದು ಊಟದ ತಾಟಿಗೆ ಬಾಯಿ ಹಾಕಿತ್ತು, ಇವನಿಗೆ ಸಿಟ್ಟು ನೆತ್ತಿಗೇರಿತ್ತು. ನಾಯಿ ಕುಂಯ್ ಎಂದದ್ದೇ ತಡ, ಮಾಮಾ ಚಪ್ಪಲಿ ಮೆಟ್ಟಿ ನೆಟ್ಟಗೆ ಠಾಣೆಗೆ ನಡೆದ.

“ಫಿರ್ಯಾದಿ ಯಾರ್ರೀ?” ಪೊಲೀಸಪ್ಪ ಕೇಳಿದ.

“ನಾಯಿ.”

“ಆರೋಪಿ?”

“ನಾನೇ.”

“ಸಾಕ್ಷಿ?”

“ನನ್ನ ಹೆಂಡ್ತಿ. ಆಕಿ ಖುಷೀಲೇ ಬರ್ತಾಳ!”

ಪೊಲೀಸಪ್ಪ ನಕ್ಕು, ಚಹಾ ಕುಡಿಸಿ ಕಳಿಸಿದ.

ಸುದ್ದಿ ಕೇಳಿ ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ, ಭಾನುವಾರ ಕಮಲಾಪುರಕ್ಕೆ ಹೋಗಿ ನೋಡುವವರೆಗೆ. ಮಾಮಾ ರೊಟ್ಟಿಯ ತುಂಡು ಹಿಡಿದು ಕೈ ಚಾಚಿದರೆ ಸಾಕು, ಕರ್ಯಾ ಮಂಚದ ಕೆಳಗೆ ನುಗ್ಗುತ್ತಿತ್ತು. ಹೊಡೆದಂದಿನಿಂದ ಹೀಗೇ ಅಂತೆ. “ಐವತ್ತು ರೂಪಾಯಿ ಕಟ್ಟಿ ಮುಗಸೂಣಂದ್ರ ತಗೊಳ್ಳಾವ್ರೇ ಇಲ್ಲಲ್ಲೋ” ಎಂದ. ಅಷ್ಟು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮೊನ್ನೆ ಫೋನ್ ಬಂತು. “ಏ, ಕರ್ಯಾ ಇವತ್ತು ನನ್ನ ಕೈಯಾಗಿಂದ ತಿಂದದೋ!” ಅಷ್ಟೇ, ಮುಂದೆ ಬರೀ ಅಳು. ಅತ್ತಿ ಫೋನ್ ಕಸಿದುಕೊಂಡಳು.

“ಇವರೂ ಇವತ್ತೇ ಹೊಟ್ಟಿ ತುಂಬ ಉಂಡಾರಪ್ಪಾ.”